ಚಪ್ಪಲಿ ಕೊಡವಿ ಒಳಗೆ ಬನ್ನಿ

ಬೆಟ್ಟಗಳೂ ಹೇಳಿದ ಮಾತು ಕೇಳುತ್ತಿದ್ದ ಕಾಲದಲ್ಲಿ ಹೊನ್ನಗವಿ ಎಂಬ ರಾಜ್ಯವಿತ್ತು. ಬೆಟ್ಟ ಕೇಳುತ್ತಿತ್ತು ನಿಜ. ಮನುಷ್ಯರು ಮಾತ್ರ ಆಗಲೂ ಕೇಳುತ್ತಿರಲಿಲ್ಲ.

ಅಲ್ಲಿನ ಕೋಟೆಬಾಗಿಲಲ್ಲಿ ಒಂದು ಕಟ್ಟಳೆ. ಬರುವವರು ಯಾರೇ ಇರಲಿ, ಚಪ್ಪಲಿ ಕಳಚಿ ಹೊಸ್ತಿಲ ಕಲ್ಲಿನ ಮೇಲೆ ಕೊಡವಬೇಕು. ಧೂಮಾಕ್ಷನೆಂಬ ಮಾಂತ್ರಿಕ ತನ್ನ ಪ್ರಾಣವನ್ನು ಒಂದು ನೆಗ್ಗಿಲು ಮುಳ್ಳಿನಲ್ಲಿಟ್ಟು, ಅದನ್ನು ಚಪ್ಪಲಿಯೊಳಗೆ ಅಡಗಿಸಿಕೊಂಡಿದ್ದ. ಮುಳ್ಳು ಆ ಕಲ್ಲಿಗೆ ತಗುಲಿದರೆ ಅವನ ಕತೆ ಮುಗಿದಂತೆ. ಆದರೆ ಕಾವಲುಗಾರ ಸಿಟ್ಟಿನಲ್ಲಿ ಒಂದು ಬೈಗುಳ ಆಡಿದರೂ ಬಾಗಿಲ ರಕ್ಷೆ ಒಡೆದು ಮಾಂತ್ರಿಕ ಒಳಗೆ ನುಗ್ಗಬಹುದು. ಹಿಂದಿನ ಕಾವಲುಗಾರ ಬೋರಣ್ಣ ಹಾಗೆ ಒಮ್ಮೆ ಬಾಯಿಬಿಟ್ಟ. ಅರಮನೆಯ ಮಂತ್ರದ ಗಂಟೆ ಬಾರಿಸಿ ಮಾಂತ್ರಿಕನನ್ನು ಹೊರದಬ್ಬುವಷ್ಟರಲ್ಲಿ ಬೋರಣ್ಣನ ಜೊತೆ ಇಡೀ ಕುಂಬಾರಗೇರಿ ಕಲ್ಲಾಗಿ ಹೋಗಿತ್ತು. ಈಗ ಬಾಗಿಲಲ್ಲಿ ಅವನ ತಮ್ಮ ಮಾಚ ನಿಂತಿದ್ದ.

ಮಾಚನ ಪಾಡು ಹೇಳತೀರದು. ಯಾರ ಕ್ಷೇಮಕ್ಕೆಂದು ನಿಂತಿದ್ದನೋ ಅವರೇ ಬೆಳಗಿನಿಂದ ಸಂಜೆಯವರೆಗೆ ಬೈಯುತ್ತಿದ್ದರು. "ನಾನ್ಯಾರು ಗೊತ್ತೇನೋ?" "ನಮ್ಮ ಮಾವ ದಿವಾನರು, ತಿಳ್ಕೊ." ಮಾಚ ಹಲ್ಲು ಕಚ್ಚಿಕೊಂಡು ಅದೇ ಮಾತು ಹೇಳುತ್ತಿದ್ದ: "ಚಪ್ಪಲಿ ಕೊಡವಿ ಒಳಗೆ ಬನ್ನಿ."

ಒಂದು ದಿನ ಮಾಂತ್ರಿಕ ರತ್ನದ ವ್ಯಾಪಾರಿಯಾಗಿ ಬಂದ. "ನನ್ನ ಕುದುರೆ ಮೇಯಿಸೋ ಯೋಗ್ಯತೆ ಇಲ್ಲ ನಿನಗೆ. ನನ್ನನ್ನೇ ತಡೀತೀಯಾ?"

"ಇಲ್ಲದೆ ಇರಬಹುದು ಬುದ್ಧಿ. ಚಪ್ಪಲಿ ಕೊಡವಿ ಒಳಗೆ ಬನ್ನಿ."

ವ್ಯಾಪಾರಿ ಬಂದ ದಾರಿ ಹಿಡಿದ.

ಮರುದಿನ ಅವನೇ ಮುದುಕಿಯಾಗಿ ಬಂದು ಮಣ್ಣು ತೂರಿದ. "ನಿನ್ನ ಹೆತ್ತ ಹೊಟ್ಟೆಗೆ ಬೆಂಕಿ ಬೀಳ. ಬಗ್ಗಲಾರದ ಮುದುಕೀನ ಕಾಡ್ತೀಯಾ?" ಸಾಲಿನಲ್ಲಿದ್ದವರೆಲ್ಲ ಮುದುಕಿಯ ಪಕ್ಷವೇ, ಬಿಡಿ. ಗಂಟಲವರೆಗೆ ಬಂದದ್ದನ್ನು ಮಾಚ ನುಂಗಿಕೊಂಡ.

"ಕಾಲು ಚಾಚಜ್ಜಿ, ನಾನೇ ಕೊಡವ್ತೀನಿ" ಎಂದು ಬಗ್ಗಿದ. ಬಗ್ಗಲಾರದ ಮುದುಕಿ ಎದ್ದುಬಿದ್ದು ಓಡಿದಳು.

ಮೂರನೆಯ ದಿನ ಮಾಂತ್ರಿಕ ರಾಜನ ಭಾವಮೈದುನನ ರೂಪದಲ್ಲಿ ಮೀಸೆ ತಿರುವುತ್ತಾ ಬಂದ. "ಊರು ಮುಳುಗಿಸಿದ ಮೂರ್ಖ ಇವನೇ ಅಲ್ವಾ, ನಿಮ್ಮಣ್ಣ?" ಎಂದು ಬಾಗಿಲ ಬಳಿ ಕಲ್ಲಾಗಿ ನಿಂತಿದ್ದ ಬೋರಣ್ಣನ ಮುಖಕ್ಕೆ ಉಗಿದ. ಮಾಚನ ಮೈಯೆಲ್ಲ ಉರಿಯಿತು. ಕಣ್ಣಲ್ಲಿ ನೀರು ಬಂತು. ಬೈಯಲೆಂದು ಬಾಯಿ ತೆರೆದ. ಬೈಯುತ್ತಲೇ ಕಲ್ಲಾಗಿದ್ದ ಅಣ್ಣನ ತೆರೆದ ಬಾಯಿ ಕಂಡಿತು. ಮಾಚ ಬಾಯಿ ಮುಚ್ಚಿ, ಹೆಗಲ ವಸ್ತ್ರದಿಂದ ಅಣ್ಣನ ಮುಖ ಒರೆಸಿದ.

"ಚಪ್ಪಲಿ ಕೊಡವಿ ಒಳಗೆ ಬನ್ನಿ, ಒಡೆಯಾ."

ಈಗ ಮಾಂತ್ರಿಕನಿಗೇ ತಲೆ ಕೆಟ್ಟಿತು. "ಎಂಥ ಮೊಂಡನೋ ನೀನು" ಎಂದವನೇ ಕಾಲಿನ ಚಪ್ಪಲಿ ಕಿತ್ತು ಮಾಚನ ಮುಖಕ್ಕೆ ಬೀಸಿದ. ಅದು ಕೆನ್ನೆಗೆ ಬಡಿದು ಹೊಸ್ತಿಲ ಮೇಲೆ ಬಿತ್ತು. ಒಳಗಿದ್ದ ಮುಳ್ಳು ಕಲ್ಲಿನ ಮೇಲೆ ಉರುಳಿತು. ಮಾಂತ್ರಿಕ ನಿಂತಲ್ಲೇ ಹೊಗೆಯಾಗಿ ಹೋದ.

ಕುಂಬಾರಗೇರಿಗೆ ಜೀವ ಬಂತು. ಬೋರಣ್ಣ ತಮ್ಮನ ಬಾತ ಕೆನ್ನೆ ಮುಟ್ಟಿ, "ಹೆಂಗೆ ತಡ್ಕೊಂಡ್ಯೋ?" ಎಂದ.

"ಎಲ್ಲಿ ತಡ್ಕೊಂಡೆ ಅಣ್ಣಯ್ಯ, ಎಲ್ಲಾ ಹೊಟ್ಟೇಲೇ ಇದೆ. ಈ ಕೋಲು ಹಿಡ್ಕೊ, ಬಂದೆ."

ಇನ್ನು ಬೈದರೆ ರಕ್ಷೆ ಒಡೆದೀತೆಂಬ ಭಯ ಇರಲಿಲ್ಲ. ಮಾಚ ಊರಾಚೆಯ ಬಂಡೆ ಹತ್ತಿ, ರತ್ನದ ವ್ಯಾಪಾರಿಯಿಂದ ಹಿಡಿದು ದಿವಾನರ ಅಳಿಯನವರೆಗೆ ಒಬ್ಬರನ್ನೂ ಬಿಡದೆ, ಹೊತ್ತು ಮುಳುಗುವವರೆಗೆ ಬೈದ. ಊರೆಲ್ಲ ಕೇಳಿಸಿಕೊಂಡಿತು, ಯಾರೂ ಎದುರಾಡಲಿಲ್ಲ. ಆಮೇಲೆ ಮನೆಗೆ ಬಂದು ಅಣ್ಣನ ಜೊತೆ ಉಂಡು ಮಲಗಿದ. ಹೊನ್ನಗವಿಯ ಜನ ಅಂದಿನಿಂದ ಬಾಯಿ ಸ್ವಲ್ಪ ಬಿಗಿಹಿಡಿದುಕೊಂಡು ಸುಖವಾಗಿದ್ದರು.