ಚಂದ್ರಿಯ ಕೆಂಪು ಗೆರೆ

ಗೋಡೆಯ ಪರದೆಯ ಮೇಲೆ ಗೆರೆ ಕೆಂಪಾಗಿಯೇ ಓಡುತ್ತಿತ್ತು. ಧಾರವಾಡದ ಪ್ರಾಣಿ ಹೊಣೆಗಾರಿಕೆ ಆಯೋಗದ ಸಭಾಂಗಣದಲ್ಲಿ ಕುಳಿತಿದ್ದವರೆಲ್ಲ ಅದನ್ನೇ ನೋಡುತ್ತಿದ್ದರು. ದೂರದ ಜಿಲ್ಲಾ ಕೇಂದ್ರವೊಂದರ ಪೊಲೀಸ್ ಶ್ವಾನದಳದಲ್ಲಿ, ತಂಪು ಕೋಣೆಯೊಂದರಲ್ಲಿ ಮಲಗಿದ್ದ ಚಂದ್ರಿ ಎಂಬ ನಾಯಿಯ ಗೆರೆ ಅದು.

ಆ ಗೆರೆಯನ್ನು ಎಳೆಯುತ್ತಿದ್ದ ಸಾಧನದ ಹೆಸರು ಯಾತನಾಮಾಪಕ. ಅಕ್ಕಿಕಾಳಿಗಿಂತ ದೊಡ್ಡದಲ್ಲದ ಇದನ್ನು ಪ್ರಾಣಿಯ ಕಿವಿಯ ಹಿಂದೆ, ಚರ್ಮದ ಅಡಿಯಲ್ಲಿ ಇಡುತ್ತಾರೆ. ನೆತ್ತರಿನಲ್ಲಿ ಹರಿಯುವ ಹಾರ್ಮೋನುಗಳು, ಎದೆಬಡಿತದ ಲಯ, ನಿದ್ದೆಯ ಆಳ ಇವೆಲ್ಲವನ್ನೂ ಅಳೆದು ಪ್ರಾಣಿ ಪಡುತ್ತಿರುವ ಸಂಕಟವನ್ನು ಒಂದು ಗೆರೆಯಾಗಿ ತೋರಿಸುತ್ತದೆ. ನೆಮ್ಮದಿಯಲ್ಲಿದ್ದರೆ ಹಸಿರು, ನೋವಿನಲ್ಲಿದ್ದರೆ ಕೆಂಪು. ಸರ್ಕಾರದ ವಶದಲ್ಲಿರುವ ಪ್ರತಿ ಆನೆ, ಹುಲಿ, ಕುದುರೆ, ನಾಯಿಗೂ ಇದನ್ನು ಅಳವಡಿಸಬೇಕೆಂದು ಕಾಯ್ದೆ ಬಂದಿತ್ತು. ಗೆರೆಯನ್ನು ಯಾವ ನಾಗರಿಕನಾದರೂ ತನ್ನ ಮೊಬೈಲಿನಲ್ಲಿ ನೋಡಬಹುದು. ಅದು ವಾರವಿಡೀ ಕೆಂಪಾಗಿದ್ದರೆ ಇಲಾಖೆಯ ಮುಖ್ಯಸ್ಥರೇ ಆಯೋಗದ ಮುಂದೆ ಬಂದು ಕಾರಣ ಹೇಳಬೇಕು. ಹಿಂದೆಲ್ಲ ಸರಪಳಿಯ ಗಾಯ ಕೊಳೆತು ಆನೆ ಸತ್ತರೂ ಕಡತದಲ್ಲಿ ‘ಅನಾರೋಗ್ಯ’ ಎಂಬ ಒಂದೇ ಪದ ಸಾಕಾಗುತ್ತಿತ್ತು. ಈಗ ಸಾಲುತ್ತಿರಲಿಲ್ಲ.

ಹೀಗಾಗಿ ಆ ಜಿಲ್ಲೆಯ ಎಸ್ಪಿ ತಿಮ್ಮರಾಯಸ್ವಾಮಿಯವರು ಅಂದು ಆಯೋಗದ ಅಧ್ಯಕ್ಷೆ ಸರೋಜಿನಿ ಹಂಪಿಹೊಳಿಯವರ ಮುಂದೆ ನಿಂತಿದ್ದರು.

“ಮೇಡಂ, ನಾನು ಆ ಜಿಲ್ಲೆಗೆ ಹೋಗಿ ಇನ್ನೂ ಹೆಚ್ಚು ಕಾಲವಾಗಿಲ್ಲ,” ಎಂದರು ಅವರು. “ಆದರೂ ಕೋಣೆಗೆ ಹವಾನಿಯಂತ್ರಣ ಹಾಕಿಸಿದ್ದೇನೆ, ದಿನಾ ಪಶುವೈದ್ಯರು ಬರುತ್ತಾರೆ. ನಾಯಿಯ ಮೈಮೇಲೆ ಒಂದು ಗೀರೂ ಇಲ್ಲ. ಕೆಟ್ಟಿರುವುದು ಯಂತ್ರವೇ ಇರಬೇಕು.”

ಯಾತನಾಮಾಪಕವನ್ನು ರೂಪಿಸಿದ ಡಾ. ಇಂದುಮತಿ ಬಿರಾದಾರ ಪಕ್ಕದಲ್ಲೇ ಕುಳಿತಿದ್ದರು. ಬೀದರ್ ಕಡೆಯ ಈ ವಿಜ್ಞಾನಿ ತಮ್ಮ ಯಂತ್ರದ ಮೇಲೆ ಬಂದ ಆರೋಪಕ್ಕೆ ಸಿಟ್ಟಾಗುತ್ತಾರೆಂದು ಎಲ್ಲರೂ ಎಣಿಸಿದ್ದರು.

“ಕೆಟ್ಟಿದ್ರೂ ಕೆಟ್ಟಿರಬಹುದ್ರಿ ಸಾಹೇಬ್ರ,” ಎಂದರು ಇಂದುಮತಿ. “ನಾ ಬಂದು ನೋಡ್ತೀನಿ. ಯಂತ್ರದ್ದ ತಪ್ಪಿದ್ರ ಇದೇ ಸಭಾದಾಗ ನಿಂತು ಹೇಳ್ತೀನಿ.”

ಅವರು ಅದೇ ಸಂಜೆ ಹೊರಟು ಶ್ವಾನದಳ ತಲುಪಿದರು. ಚಂದ್ರಿ ಕಪ್ಪು ಲ್ಯಾಬ್ರಡಾರ್. ಸ್ಫೋಟಕಗಳನ್ನು ಮೂಸಿ ಹಿಡಿಯುವುದರಲ್ಲಿ ಹೆಸರು ಮಾಡಿದ ನಾಯಿ. ಈಗ ಅದು ಮೂತಿಯನ್ನು ಗೋಡೆಗೆ ಆನಿಸಿ ಮಲಗಿತ್ತು. ತಟ್ಟೆಯಲ್ಲಿ ಬೇಯಿಸಿದ ಕೋಳಿ ಹಾಗೇ ಇತ್ತು. ಇಂದುಮತಿ ಹೊಸ ಮಾಪಕವೊಂದನ್ನು ಅಳವಡಿಸಿ ನೋಡಿದರು. ಎರಡೂ ಗೆರೆಗಳು ಒಂದರ ಮೇಲೊಂದು ಕೂತವು. ಯಂತ್ರ ಸರಿಯಾಗಿಯೇ ಇತ್ತು, ಆದರೆ ನೋವೆಲ್ಲಿದೆ ಎಂಬುದು ಅವರಿಗೂ ತಿಳಿಯಲಿಲ್ಲ.

ಚಂದ್ರಿಯನ್ನು ನೋಡಿಕೊಳ್ಳುತ್ತಿದ್ದವಳು ಶಿವಲೀಲಾ ಎಂಬ ಕಾನ್‌ಸ್ಟೆಬಲ್. ಪ್ರೀತಿಯಿಂದಲೇ ನೋಡಿಕೊಳ್ಳುತ್ತಿದ್ದಳು. ಮರುದಿನ ಇಂದುಮತಿ ಹಿಂದಿನ ದಿನಗಳ ಗೆರೆಗಳನ್ನು ಪರದೆಯ ಮೇಲೆ ಹರಡಿಕೊಂಡಾಗ ಒಂದು ವಿಚಿತ್ರ ಕಂಡಿತು. ದಿನವೆಲ್ಲ ಕೆಂಪಾಗಿರುವ ಗೆರೆ ಸಂಜೆ ಒಮ್ಮೆ ತಟ್ಟನೆ ಹಸಿರಿಗೆ ಇಳಿದು ಮತ್ತೆ ಏರುತ್ತಿತ್ತು.

“ಶಿವಲೀಲಾ, ಸಂಜಿ ಮುಂದ ಏನ್ ಮಾಡ್ತೀಯವಾ ನೀ ಇದಕ್ಕ?”

“ಏನಿಲ್ರೀ ಅಕ್ಕಾರ.” ಅವಳು ತಲೆ ತಗ್ಗಿಸಿದಳು. “ಇದು ಉಣ್ಣೂದಿಲ್ಲ ಅಂತ ನಮ್ಮ ಯಮನಪ್ಪ ಸರ್‌ಗೆ ಫೋನ್ ಹಚ್ಚಿ ಕೇಳ್ತೀನ್ರಿ. ಮರಿ ಇದ್ದಾಗಿಂದ ಅವ್ರೇ ಸಾಕಿದ್ರು. ಅವ್ರನ್ನ ಬ್ಯಾರೆ ಜಿಲ್ಲಾಕ್ಕ ಹಾಕ್ಯಾರ್ರಿ.”

“ಈಗ ಹಚ್ಚು. ಸ್ಪೀಕರ್ ಮ್ಯಾಲೆ ಇಡು.”

ಫೋನಿನಲ್ಲಿ ಗಂಡಸಿನ ದಪ್ಪ ದನಿ ಕೇಳಿಸಿತು. “ಇವತ್ತರ ಉಂಡೈತೇನವಾ?”

ಚಂದ್ರಿ ಎದ್ದು ನಿಂತಿತು. ಫೋನಿನ ಬಳಿ ಬಂದು ಅದನ್ನು ಮೂಸಿತು, ಕೋಣೆಯ ಬಾಗಿಲಿನ ಕಡೆ ಓಡಿತು, ಮತ್ತೆ ಫೋನಿನ ಬಳಿ ಬಂತು. ಪರದೆಯ ಮೇಲೆ ಗೆರೆ ಹಸಿರಾಯಿತು. ಕರೆ ಮುಗಿದ ಮೇಲೆ ಚಂದ್ರಿ ಬಹಳ ಹೊತ್ತು ಬಾಗಿಲಲ್ಲೇ ಕಾದು ಕುಳಿತಿತ್ತು. ಗೆರೆ ಮೆಲ್ಲಮೆಲ್ಲನೆ ಏರಿತು. ಪ್ರಾಣಿಗಳ ನೋವನ್ನು ಅಳೆಯುವುದರಲ್ಲೇ ಅರ್ಧ ಆಯುಷ್ಯ ಕಳೆದಿದ್ದ ಇಂದುಮತಿ ಆ ಏರಿಕೆಯನ್ನು ಪೂರ್ತಿ ನೋಡಲಾರದೆ ಹೊರಗೆ ಬಂದರು.

ಯಮನಪ್ಪ ತಳವಾರನ ವರ್ಗಾವಣೆಯ ಕಾರಣವನ್ನೂ ಶಿವಲೀಲಾ ಹೇಳಿದಳು. ಬೇಸಿಗೆಯಲ್ಲಿ ಮಂತ್ರಿಯೊಬ್ಬರ ಸಮಾರಂಭವಿತ್ತು. ಮಂತ್ರಿಗಳು ತಡಮಾಡಿದರು. ಕಾದ ಡಾಂಬರಿನ ಮೇಲೆ ಚಂದ್ರಿಯ ಪಾದಗಳು ಸುಡುತ್ತಿದ್ದವು. ಮೇಲಿನವರ ಅಪ್ಪಣೆಗೆ ಕಾಯದೆ ಹೆಡ್ ಕಾನ್‌ಸ್ಟೆಬಲ್ ಯಮನಪ್ಪ ನಾಯಿಯನ್ನು ಎತ್ತಿಕೊಂಡು ನೆರಳಿಗೆ ಹೋಗಿಬಿಟ್ಟ. ಆಗಿನ ಎಸ್ಪಿ ಅದನ್ನು ಅಶಿಸ್ತು ಎಂದು ಪರಿಗಣಿಸಿದರು. ಯಮನಪ್ಪನ ಹೆಂಡತಿ ಅಂಗನವಾಡಿ ಕಾರ್ಯಕರ್ತೆ, ಇದೇ ಊರಿನಲ್ಲಿದ್ದಾಳೆ. ಹತ್ತಿರದಲ್ಲೇ ಉಳಿಸಿ ಎಂದು ಅವನು ಎಷ್ಟು ಕೇಳಿಕೊಂಡರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂದಿನ ವಿಚಾರಣೆಯಲ್ಲಿ ಇಂದುಮತಿ ಇಷ್ಟನ್ನೂ ಹೇಳಿದರು. ಸರ್ಕಾರದ ವಕೀಲರು ಎದ್ದು ನಿಂತು, “ವರ್ಗಾವಣೆ ಆಡಳಿತದ ವಿಚಾರ. ಅದರಲ್ಲಿ ನಾಯಿಯ ಅಭಿಪ್ರಾಯ ಕೇಳುವ ಪದ್ಧತಿ ಇಲ್ಲ,” ಎಂದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಸರೋಜಿನಿ ನಗಲಿಲ್ಲ. “ನೋವಿನ ಕಾರಣ ತೆಗೀಬೇಕು ಅಂತ ಕಾಯ್ದೆ ಹೇಳ್ತದ. ಆ ಕಾರಣ ಮೈಮ್ಯಾಲಿನ ಗಾಯನೇ ಆಗಿರಬೇಕು ಅಂತ ಎಲ್ಲೂ ಹೇಳಿಲ್ಲ,” ಎಂದು ಎಸ್ಪಿಯವರ ಕಡೆ ತಿರುಗಿದರು. “ನೀವೇನಂತೀರಿ?”

ತಿಮ್ಮರಾಯಸ್ವಾಮಿ ವಕೀಲರತ್ತ ನೋಡಲಿಲ್ಲ. “ಹಿಂದಿನ ಆದೇಶವನ್ನು ಸಮರ್ಥಿಸಿಕೊಳ್ಳಲು ನನ್ನನ್ನು ಕಳಿಸಿದ್ದಾರೆ ಮೇಡಂ. ಆದರೆ ಆ ದಿನ ಯಮನಪ್ಪ ಮಾಡಿದ್ದೇ ಇಲಾಖೆ ಮಾಡಬೇಕಿದ್ದ ಕೆಲಸ. ಅವರನ್ನು ವಾಪಸ್ ಕೊಡಿ ಎಂದು ನಾನೇ ಕೇಳುತ್ತೇನೆ.”

ತಮ್ಮದೇ ಇಲಾಖೆಯ ವಿರುದ್ಧ ಅಷ್ಟು ಮಾತಾಡುವುದು ಸಣ್ಣ ಧೈರ್ಯವಲ್ಲ. ಸಭೆಯಲ್ಲಿದ್ದ ಪೊಲೀಸರಿಗೆ ಅದು ಗೊತ್ತಿತ್ತು.

ಯಮನಪ್ಪ ಬಂದ ದಿನ ಚಂದ್ರಿ ಕುಣಿದಾಡಲಿಲ್ಲ. ಅವನ ಬೂಟುಗಳ ಮೇಲೆ ಗದ್ದವಿಟ್ಟು ಮಲಗಿ ನಿದ್ದೆ ಹೋಯಿತು. ಅದಕ್ಕೆ ಎಚ್ಚರವಾಗಬಾರದೆಂದು ಅವನು ನಿಂತಲ್ಲೇ ನಿಂತ. ಶಿವಲೀಲಾ ಅವನ ಊಟವನ್ನು ಅಲ್ಲಿಗೇ ತಂದು ಕೊಟ್ಟಳು.

ಪಾಲಕರನ್ನು ಪ್ರಾಣಿಯಿಂದ ಅಗಲಿಸಬಾರದೆಂದು ಚಂದ್ರಿಯ ವಿಚಾರದಲ್ಲಿ ಆಯೋಗ ಕೊಟ್ಟ ತೀರ್ಪು ರಾಜ್ಯದ ಎಲ್ಲ ಇಲಾಖೆಗಳಿಗೂ ಅನ್ವಯವಾಯಿತು. ಆನೆ ಬಿಡಾರಗಳಲ್ಲಿ ಪ್ರತಿವರ್ಷ ಗುತ್ತಿಗೆ ಮುಗಿಯಿತೆಂದು, ಆನೆಗಳ ಮೈತೊಳೆದು ಮೇವು ಹಾಕುವ ಕಾವಾಡಿಗಳನ್ನು ಬಿಡಿಸಿದಾಗೆಲ್ಲ ಆನೆಗಳ ಗೆರೆ ಕೆಂಪಾಗುತ್ತಿತ್ತು. ಬೇರೆ ದಾರಿ ಕಾಣದೆ ಅರಣ್ಯ ಇಲಾಖೆ ಅವರನ್ನು ಕಾಯಂ ಮಾಡಿತು. ಅಶ್ವದಳದಲ್ಲಿ ಕುದುರೆ ತೊಳೆಯುವವರಿಗೆ ಲಾಯದ ಹತ್ತಿರವೇ ವಸತಿ ಸಿಕ್ಕಿತು. ಮೃಗಾಲಯದಲ್ಲಿ ಹುಲಿಯ ಆವರಣ ತೊಳೆಯುವವರಿಗೆ ಕಾಯಂ ನೌಕರಿಯೂ ರಜೆಯೂ ವೈದ್ಯಕೀಯ ನೆರವೂ ಬಂದವು. ಕಾಯ್ದೆ ಬರೆದವರಾರೂ ಈ ಜನರನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ. ಪ್ರಾಣಿಗಳನ್ನು ಚೆನ್ನಾಗಿ ನೋಡಿಕೊಳ್ಳಬೇಕಾದರೆ ಅವುಗಳನ್ನು ನೋಡಿಕೊಳ್ಳುವವರನ್ನೂ ಚೆನ್ನಾಗಿಡಬೇಕೆಂದು ಸರ್ಕಾರ ನಾಯಿ, ಆನೆ, ಕುದುರೆಗಳಿಂದ ಕಲಿಯುತ್ತಿತ್ತು.

ಒಂದು ಬೆಳಿಗ್ಗೆ ಇಂದುಮತಿಯವರ ಪ್ರಯೋಗಾಲಯಕ್ಕೆ ದುರ್ಗವ್ವ ಎಂಬ ಹೆಂಗಸು ಬಂದಳು. ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುವವಳು. ಅವಳ ಹಿಂದೆ ಇನ್ನೂ ಕೆಲವರು ಬಾಗಿಲ ಹೊರಗೆ ನಿಂತಿದ್ದರು.

“ಅವ್ವಾರ, ಆ ಅಕ್ಕಿಕಾಳು ನಮ್ಗೂ ಹಾಕ್ರಿ.”

“ಅದು ಪ್ರಾಣಿಗೋಳಿಗೆ ಅಷ್ಟ ಐತಿ ತಾಯಿ. ಕಾಯ್ದೆ ಹಂಗೈತಿ.”

“ಗೊತ್ತೈತ್ರಿ,” ಎಂದಳು ದುರ್ಗವ್ವ. “ಹುಲಿ ಮನಿ ತೊಳಿಯೋ ನನ್ನ ತಂಗೀನ್ನ ಕಾಯಂ ಮಾಡಿದ್ರು. ಕೆಲಸ ಎರಡೂ ಒಂದ ರೀ. ನಾ ತೊಳಿಯೋ ಜಾಗಾದಾಗ ಬರೇ ಮನಷ್ಯಾರು ಇರ್ತಾರು. ಹಿಂಗಾಗಿ ನಮ್ಮನ್ನ ಯಾರೂ ಕೇಳಂಗಿಲ್ಲ.”

ಇಂದುಮತಿ ಹೊರಗೆ ನಿಂತವರನ್ನೆಲ್ಲ ಒಳಗೆ ಕರೆದು ಕೂರಿಸಿ ಚಹಾ ತರಿಸಿದರು. ಆಮೇಲೆ ಸರೋಜಿನಿಯವರಿಗೆ ಫೋನ್ ಮಾಡಿದರು.

“ಮೇಡಂ, ಕಾಯ್ದೇದಾಗ ಪ್ರಾಣಿ ಅಂದ್ರ ಯಾರು ಅಂತ ಬರದಾರ್ರಿ?”

“ಪ್ರಾಣ ಇರೋ ಜೀವಿ ಅಂತ ಬರದಾರ. ಯಾಕ?”

ಇಂದುಮತಿ ಎದುರಿಗೆ ಕುಳಿತಿದ್ದವರ ಮುಖ ನೋಡಿದರು. “ಆಸ್ಪತ್ರಿ ನೆಲಾ ಒರೆಸೋರು ಬಂದಾರ್ರಿ. ಆ ಅಕ್ಕಿಕಾಳು ತಮಗೂ ಹಾಕ್ರಿ ಅಂತಾರ.”

“ಎಷ್ಟು ಮಂದಿ ಬಂದಾರ?” ಎಂದು ಸರೋಜಿನಿ ಕೇಳಿದರು. “ಎಲ್ಲಾರನೂ ಆಯೋಗಕ್ಕ ಕರ್ಕೊಂಡು ಬರ್ರಿ.”