ಎಕ್ಸ್-ರೇಗೆ ಸಿಗದ ಬಿರುಕು

ಮಂಗಳವಾರ ಬೆಳಿಗ್ಗೆ ಆರು ಇಪ್ಪತ್ತು. ಕೀನ್ಯಾದ ಇಟೆನ್‌ನ ಕೆಮ್ಮಣ್ಣಿನ ಟ್ರ್ಯಾಕ್‌ನಲ್ಲಿ ನವೋಮಿ ಏಳನೇ ಸುತ್ತಿಗೆ ಓಟ ನಿಲ್ಲಿಸಿದಳು.

ಹದಿನೇಳರ ಹುಡುಗಿ. ಶನಿವಾರವೇ ರಾಷ್ಟ್ರೀಯ ಕಿರಿಯರ ತಂಡದ ಆಯ್ಕೆ ಓಟ. ಅವಳ ಅಕ್ಕನೂ ಕೋಚೂ ಆದ ತೆಕ್ಲಾ ಬಂದು ಮುಟ್ಟುವಷ್ಟರಲ್ಲಿ, ಆ ವಾರವಷ್ಟೇ ಶಿಬಿರಕ್ಕೆ ಬಂದಿದ್ದ ಫಿಸಿಯೋ ಅಮೋಸ್ ಮಂಡಿಯೂರಿ ಕುಳಿತು ಹುಡುಗಿಯ ಕಾಲಿನ ಮೂಳೆಯನ್ನು ಒಂದೇ ಬೆರಳಲ್ಲಿ ಒತ್ತಿ ನೋಡುತ್ತಿದ್ದ.

"ಸ್ನಾಯು ಹಿಡ್ಕೊಂಡಿದೆ ಡಾಕ್ಟ್ರೇ, ಉಜ್ಜಿದ್ರೆ ಹೋಗುತ್ತೆ," ಎಂದಳು ತೆಕ್ಲಾ.

"ಡಾಕ್ಟ್ರಲ್ಲ, ಫಿಸಿಯೋ. ನವೋಮಿ, ಈ ಒಂದೇ ಕಾಲಲ್ಲಿ ಹಾರಮ್ಮ."

ನವೋಮಿ ಹತ್ತು ಸಲ ಹಾರಿದಳು. ನಕ್ಕಳು ಕೂಡ.

ಅಮೋಸ್‌ನ ಹುಬ್ಬು ಗಂಟಿಕ್ಕಿತು. "ಬೆಳಿಗ್ಗೆ ಏನಾದ್ರೂ ಮಾತ್ರೆ ತಗೊಂಡ್ಯಾ?"

ಸುತ್ತ ನಿಂತಿದ್ದ ಹುಡುಗಿಯರೆಲ್ಲ ಮುಖ ಮುಖ ನೋಡಿಕೊಂಡರು. ಪಕ್ಕದ ಶಿಬಿರದ ಓಟಗಾರನೊಬ್ಬನಿಗೆ ಹಿಂದಿನ ವರ್ಷವಷ್ಟೇ ಉದ್ದೀಪನ ಮದ್ದು ಸೇವಿಸಿದ್ದಕ್ಕೆ ನಾಲ್ಕು ವರ್ಷದ ನಿಷೇಧ ಬಿದ್ದಿತ್ತು. ಆಮೇಲೆ ಈ ಊರಿನಲ್ಲಿ ಆ ಪ್ರಶ್ನೆಗೆ ಇದ್ದದ್ದು ಒಂದೇ ಅರ್ಥ.

"ನನ್ನ ತಂಗಿ ಕಳ್ಳ ಔಷಧಿ ತಿಂದು ಓಡ್ತಾಳೆ ಅಂತೀರಾ?" ತೆಕ್ಲಾ ಸಿಡಿದಳು. "ಅಮ್ಮ ಸೋರೆಬುರುಡೆಯಲ್ಲಿ ಹುಳಿಸಿದ ಮುರ್ಸಿಕ್ ಹಾಲು ಕುಡಿದು ಬೆಳೆದವಳು ಅವಳು!"

"ನಾನು ಕೇಳಿದ್ದು ಅದಲ್ಲ..."

"ಏಳಿ ಇಲ್ಲಿಂದ!"

ಮರುದಿನ ತೆಕ್ಲಾ ತಂಗಿಯ ಕಾಲಿನ ಎಕ್ಸ್-ರೇ ಮಾಡಿಸಿ, ಹಾಳೆಯನ್ನು ಅಮೋಸ್‌ನ ಮೇಜಿನ ಮೇಲೆ ಎಸೆದಳು. "ನೋಡ್ಕೊಳ್ಳಿ! ಮೂಳೆ ಗಟ್ಟಿಯಾಗಿದೆ."

"ಹೊಸ ಬಿರುಕು ಎರಡು ಮೂರು ವಾರ ಇದರಲ್ಲಿ ಕಾಣದೇ ಇರಬಹುದು, ಕೋಚ್. ಎಲ್ಡೊರೆಟ್‌ನಲ್ಲಿ ಎಂಆರ್‌ಐ ಮಾಡಿಸೋಣ. ಅಲ್ಲೀವರೆಗೆ ಓಡಿಸಬೇಡಿ."

ಬೈದಿದ್ದರಾದರೂ ಚೆನ್ನಾಗಿತ್ತು... ಈ ಮನುಷ್ಯನಿಗೆ ಸಿಟ್ಟೇ ಬರಲ್ವಾ? ಎಂದುಕೊಂಡಳು ತೆಕ್ಲಾ.

ಅವಳು ತಿರುಗಿ ಹೊರಟಾಗ ಅವನು ಅವಳ ಬಲಗಾಲನ್ನು ಗಮನಿಸಿದ. ಐದು ವರ್ಷದಿಂದ ಅದು ಕುಂಟುತ್ತಿತ್ತು. ಅವಳೂ ಓಟಗಾರ್ತಿಯಾಗಿದ್ದಾಗ, ಕಾಲು ನೋವೆಂದರೆ ಎಲ್ಲರೂ 'ಸ್ನಾಯು' ಎಂದಿದ್ದರು. ಮೂಳೆ ಓಟದ ನಡುವೆಯೇ ಮುರಿದಿತ್ತು.

ಆ ಸಂಜೆ ಮನೆಯಲ್ಲಿ ಮೆಕ್ಕೆಜೋಳದ ಉಗಾಲಿ ಮುದ್ದೆ ತಿರುವುತ್ತಿದ್ದ ತೆಕ್ಲಾಳ ಕೈ, ಅಮೋಸ್‌ನ ಪ್ರಶ್ನೆ ನೆನಪಾಗಿ, ತಟ್ಟನೆ ನಿಂತಿತು.

"ನವೋಮಿ... ಮಾತ್ರೆ ತಗೊಂಡಿದ್ಯೇನೇ?"

ಹುಡುಗಿ ಅಳತೊಡಗಿದಳು. "ನಿನ್ನ ಚೀಲದ್ದೇ ಅಕ್ಕಾ, ನೋವಿನ ಮಾತ್ರೆ... ನೋವು ಅಂದ್ರೆ ನನ್ನ ಜಾಗ ಬೇರೆಯವಳಿಗೆ ಕೊಟ್ಟುಬಿಡ್ತೀಯ ಅಂತ..."

ಅವನು ಕೇಳಿದ್ದು ಇದನ್ನೇ, ನೋವು ಮುಚ್ಚಿಡೋ ಮಾತ್ರೆಯನ್ನ! ನಾನು ಏನೆಲ್ಲ ಅಂದೆ...

ಗುರುವಾರ ಮಾತ್ರೆಯಿಲ್ಲದೆ ನವೋಮಿ ಮೊದಲ ಹಾರಿಕೆಗೇ ಚೀರಿದಳು. ಎಲ್ಡೊರೆಟ್‌ನ ವರದಿ ಮಧ್ಯಾಹ್ನ ಬಂತು. ಅಮೋಸ್ ಬೆರಳಿಟ್ಟ ಜಾಗದಲ್ಲೇ ಕೂದಲೆಳೆಯಷ್ಟು ಬಿರುಕು. ಎಂಟು ವಾರ ಓಟವಿಲ್ಲ.

"ಶನಿವಾರ ಓಡಿದ್ದಿದ್ರೆ?" ತೆಕ್ಲಾ ಕೇಳಿದಳು.

"ಮುರೀಬಹುದಿತ್ತು."

ತೆಕ್ಲಾಳ ಕಣ್ಣು ತುಂಬಿತು. "ನನ್ನ ಹಾಗೆ... ಕ್ಷಮಿಸಿ ಡಾಕ್ಟ್ರೇ. ಎಲ್ಲರ ಮುಂದೆ ಬೈದೆ. ಎಲ್ಲರ ಮುಂದೆಯೇ ಕ್ಷಮೆ ಕೇಳ್ತೀನಿ."

"ಡಾಕ್ಟ್ರಲ್ಲ."

"ಮತ್ತೇನನ್ನಲಿ?"

"ಅಮೋಸ್ ಅನ್ನಿ, ಸಾಕು. ನಿಮ್ಮ ಕಾಲನ್ನ ಆಮೇಲೆ ಯಾರಿಗೂ ತೋರಿಸಿಲ್ಲ, ಅಲ್ವಾ?"

ಐದು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಅವಳು ಇಲ್ಲವೆಂದು ತಲೆಯಾಡಿಸಿದಳು. "ನೀವೇ ನೋಡಿ."

"ನಾನು ನೋಡಲ್ಲ." ಅವನು ಬೇರೊಬ್ಬ ಫಿಸಿಯೋ ಹೆಸರಿಗೆ ಚೀಟಿ ಬರೆಯತೊಡಗಿದ.

ಅವಳ ಮುಖ ಬಾಡಿತು. "ಇನ್ನೂ ಕೋಪನಾ?"

"ಕೋಪ ಅಲ್ಲ." ಅವನು ಚೀಟಿಯಿಂದ ತಲೆ ಎತ್ತಲಿಲ್ಲ, ಕಿವಿ ಮಾತ್ರ ಬಿಸಿಯಾಗಿತ್ತು. "ಇಷ್ಟಪಟ್ಟವರಿಗೆ ನಾನೇ ಚಿಕಿತ್ಸೆ ಕೊಡೋ ಹಾಗಿಲ್ಲ."

ಅವಳು ಕೈ ಚಾಚಿದಳು.

"ಹಾಗಾದ್ರೆ... ಚೀಟಿ ಕೊಡಿ, ಅಮೋಸ್."

ಶನಿವಾರದ ಆಯ್ಕೆಯಲ್ಲಿ ನವೋಮಿ ಓಡಲಿಲ್ಲ. ಹತ್ತನೇ ವಾರ ಹುಲ್ಲಿನ ಮೇಲೆ ಒಂದು ಕಿಲೋಮೀಟರ್ ಓಡಿದಳು. ಗಡಿಯಾರ ಹಿಡಿದಿದ್ದವನು ಅಮೋಸ್. ಪಕ್ಕದಲ್ಲಿ ತೆಕ್ಲಾ ಇದ್ದಳು.