ಜಟಗನ ಆಡು

ಬಂದೂಕಿನ ನಳಿಗೆ ನನ್ನ ಎದೆಗೆ ಒತ್ತಿತ್ತು.

"ಆ ಮಾಸ್ತಿಗೆ ಹೇಳು ಶೌಕತ್! ನನ್ನನ್ನ ದೋಣಿಗೆ ಹತ್ತಿಸ್ಕೊಳ್ದೆ ಹೋದ್ರೆ ನಿನ್ನ ಸುಟ್ಟೇ ಬಿಡ್ತೆ!"

ಬಂದೂಕು ಹಿಡಿದವನು ಕಮಲಾಕರ ಹೆಗಡೆ. ಸಿದ್ದಾಪುರದ ದೊಡ್ಡ ಮನೆಯ ಕುಡಿ. ಓದಲು ಮುಂಬಯಿಗೆ ಹೋಗಿ ಬಂದವನು. ಪದವಿ ಸಿಗಲಿಲ್ಲ, ದೊರೆಗಳು ಹಾಕುವ ಸೋಲಾ ಟೋಪಿ ಸಿಕ್ಕಿತ್ತು.

ನಾನು? ಶಿರಸಿಯಲ್ಲಿ ಬಾಡಿಗೆ ಮೋಟಾರು ಓಡಿಸುವವನು. ಹೊರಗೆ ಹೇಳಬಾರದ ಕೆಲಸಗಳಿಗೂ ಬಾಡಿಗೆಗೆ ಸಿಗುವವನು.

"ದ್ವೀಪಗಳ ಸಾಲು ನೋಡಬೇಕು. ನೇಚರ್! ಏಕಾಂತ!" ಅಂದಿದ್ದ. ಘಟ್ಟ ಇಳಿಸಿದೆ. ಅಂಬಿಗ ಮಾಸ್ತಿಯ ದೋಣಿಯಲ್ಲಿ ಹೊನ್ನಾವರದಾಚೆಯ ನಡುಗಡ್ಡೆಗಳನ್ನೆಲ್ಲ ಸುತ್ತಿಸಿದೆ. ಎಲ್ಲ ಕಡೆ ಬಿಸ್ಕತ್ತು ತಿಂದು ಆಕಳಿಸಿದ. ಕೊನೆಯದರಲ್ಲಿ, ಬಂಡೆಯ ಮೇಲೆ, ಒಂದು ಆಡು ನಿಂತಿತ್ತು...

ಢಂ!

ನೇಚರ್ ಉರುಳಿ ಬಿತ್ತು.

ಅದು ಮಾಸ್ತಿಯ ಹರಕೆಯ ಆಡು. ಮಗಳ ಸನ್ನಿಜ್ವರ ಇಳಿದಾಗ ದ್ವೀಪದ ದೈವ ಜಟಗನಿಗೆಂದು ಜೀವಂತ ಬಿಟ್ಟದ್ದು. ಅಂಥ ಆಡನ್ನು ಕರಾವಳಿಯ ಕಳ್ಳನೂ ಮುಟ್ಟುವುದಿಲ್ಲ.

"ಕೊಂದವ ದೋಣಿ ಹತ್ತೂಕಾಗೂದಿಲ್ಲ, ಸಾಯ್ಬ್ರೆ." ಮಾಸ್ತಿ ಹುಟ್ಟನ್ನು ದೋಣಿಗೆ ಅಡ್ಡ ಹಿಡಿದ. "ಬದ್ಲಿಗೆ ಒಂದು ಜೀವ ಇಲ್ಲಿ ಬಿಡ್ಬೇಕು. ಇಲ್ದಿದ್ರೆ ನನ್ನ ಕೂಸು ಹೋಗ್ತದೆ!"

"ಮೂಢ! ಇದು ಇಪ್ಪತ್ತನೇ ಶತಮಾನ!" ಕಮಲಾಕರ ಕಿರುಚಿದ.

"ಹೌದು ಹೆಗಡೇರೆ. ಈಜೂಕೆ ಬರ್ತದಾ?" ಅಂದೆ.

ನಳಿಗೆ ಇನ್ನಷ್ಟು ಒತ್ತಿತು. ಜೋಡುನಳಿಗೆ! ಇನ್ನೊಂದು ಗುಂಡು ಉಳಿದಿತ್ತು.

"ಕಾಲ ಹತ್ರ ಹಾವು!" ಎಂದು ಕೂಗಿದೆ.

ಪ್ರಕೃತಿಪ್ರೇಮಿ ಬೆಚ್ಚಿ ಹಾರಿದ. ನಳಿಗೆಯನ್ನು ಮೇಲಕ್ಕೆ ಹೊಡೆದೆ. ಗುಂಡು ಆಕಾಶಕ್ಕೆ ಹೋಯಿತು.

ಓಡಿದೆ.

ಪಾಚಿ ಹಿಡಿದ ಬಂಡೆ. ನನ್ನದು ಬರಿಗಾಲು, ಅವನದು ಮುಂಬಯಿ ಬೂಟು. ಬಿದ್ದ. ಎದ್ದ. ಮತ್ತೆ ಬಿದ್ದ! ಖಾಲಿ ಬಂದೂಕನ್ನು ಬೀಸಿ ಎಸೆದ. ಅದು ನನ್ನ ಕಿವಿ ಸವರಿ ಸಮುದ್ರ ಸೇರಿತು.

ದೋಣಿಗೆ ಹಾರಿದೆ. "ತಳ್ಳು!"

ಹೆಗಡೆ ಸಾಯುವುದಿಲ್ಲ ಬಿಡಿ. ನೀರಿನ ಕೊಡ, ಬಿಸ್ಕತ್ತಿನ ಡಬ್ಬಿ ದಡದಲ್ಲೇ ಇದ್ದವು. ನಾಳೆ ಹೊಸ ಆಡು ತಂದು ಬಿಟ್ಟು ಇವನನ್ನು ಕರೆದೊಯ್ಯುವುದು, ಅಲ್ಲಿಯವರೆಗೆ ಬದಲಿ ಜೀವ ಇವನೇ ಎಂದು ಮಾಸ್ತಿಯನ್ನು ಒಪ್ಪಿಸಿದೆ.

"ನಾಯಿಮಗನೆ! ನಾನು ಯಾರು ಗೊತ್ತುಂಟಾ?" ಬಂಡೆಯ ಮೇಲಿಂದ ಕೂಗು.

ಮಾಸ್ತಿ ಹುಟ್ಟು ನಿಲ್ಲಿಸಿ ಹಿಂದೆ ನೋಡಿದ. ಮುಖದಲ್ಲಿ ಇನ್ನೂ ಭಯ.

"ಮತ್ತೆ ಎಂತದಾ ಮಾಸ್ತಿ?"

"ಅಲ್ಲ ಸಾಯ್ಬ್ರೆ... ನನ್ನದು ಒಳ್ಳೇ ಆಡಾಗಿತ್ತು. ಬದ್ಲಿಗೆ ಇಂಥಾದ್ನ ಬಿಟ್ರೆ ಜಟಗ ಸಿಟ್ಟಾಗೂದಿಲ್ವಾ?"